ಬಾವಿಗೆ ಬಂದ ರೇಷ್ಮೆ ಹಗ್ಗ

ಆ ದಿನ ಬೆಳಗ್ಗೆ ನಾನು ಎದ್ದಾಗ ನಮ್ಮತ್ತೆ ಆಗಲೇ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಒಲೆಯ ಮುಂದೆ ಕುಳಿತಿದ್ದರು. ಒಲೆಯ ಮೇಲೆ ಕುಡಿಯುವ ನೀರು ಕುದಿಯುತ್ತಿತ್ತು. ಕುಡಿಯುವ ನೀರನ್ನು ಕುದಿಸುವ ಪದ್ಧತಿ ನನ್ನ ಕಾಯಿಲೆಗೆ ಮೊದಲು ನಮ್ಮ ಮನೆಯಲ್ಲಿ ಇರಲಿಲ್ಲ. ಹಾಲಿನವಳು ಬಂದು ಹೋದಳು. ನಮ್ಮ ಯಜಮಾನರು ಸ್ಕೂಲಿಗೆ ಹೊರಡುವ ಮುಂಚೆ ಷರಟಿನ ಗುಂಡಿಯೊಂದು ಸಡಿಲವಾಗಿದೆ ಎಂದು ತಂದುಕೊಟ್ಟರು. ಅದನ್ನು ಹೊಲಿದದ್ದೇ ನಾನು ಆಸ್ಪತ್ರೆಯಿಂದ ಬಂದ ಮೇಲೆ ಮಾಡಿದ ಮೊದಲ ಮನೆಗೆಲಸ. ಕೈಬಳೆಗಳು ಮೊಣಕೈಯವರೆಗೂ ಜಾರುತ್ತಿದ್ದವು. ಅವನ್ನು ಮೇಲಕ್ಕೆ ತಳ್ಳಿಕೊಂಡು ಸೂಜಿಗೆ ದಾರ ಪೋಣಿಸಿದೆ.

"ಸಾಕು ಬಿಡೇ, ಗಂಜಿ ಆರ್ತಾ ಇದೆ," ಎಂದು ಅತ್ತೆ ಉಪ್ಪು ಹಾಕಿದ ರಾಗಿ ಗಂಜಿಯ ಲೋಟ ತಂದಿಟ್ಟರು. ಅವರು ತೆಗೆದಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಿದ್ದರು. ಹಬ್ಬವಲ್ಲ, ಶುಕ್ರವಾರವೂ ಅಲ್ಲ. ಕಾಯಿಲೆ ಹಬ್ಬಿದ ಮೇಲೆ, ಬೇಸಿಗೆಯ ನಡುವಿನಿಂದ ಬೀಗ ಬಿದ್ದಿದ್ದ ನಮ್ಮ ಬಾವಿಯನ್ನು ಅವತ್ತು ತೆರೆಯಬೇಕಿತ್ತು. ಬೀದಿಯವರು ಬಂದು ಆ ನೀರು ಮುಟ್ಟುತ್ತಾರೋ ಇಲ್ಲವೋ ಎನ್ನುವುದು ನಮಗೆ ಗೊತ್ತಿರಲಿಲ್ಲ. ಮುಟ್ಟದಿದ್ದರೆ ಅವರು ಮತ್ತೆ ಕೆರೆಗೆ ಹೋಗುತ್ತಾರೆ. ಕೆರೆಯ ನೀರು ಕುಡಿದರೆ ಕಾಯಿಲೆ ಮತ್ತೆ ಬರುತ್ತದೆ ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿ ಕಳಿಸಿದ್ದರು.

ನಾನು ಕೋಲಾರದಲ್ಲಿ ಹುಟ್ಟಿ, ಅಲ್ಲಿಯ ಕಾನ್ವೆಂಟಿನಲ್ಲಿ ಓದಿ, ಮುಳಬಾಗಿಲಿಗೆ ಸೊಸೆಯಾಗಿ ಬಂದವಳು. ಮದುವೆಯಾಗಿ ಬಂದ ದಿನ ಅತ್ತೆ ನನಗೆ ದೇವರ ಮನೆಗಿಂತ ಮುಂಚೆ ತೋರಿಸಿದ್ದು ಬಾವಿಯನ್ನು. ಸುತ್ತಮುತ್ತಲ ಬಾವಿಗಳ ನೀರೆಲ್ಲ ಸಪ್ಪೆ ಇಲ್ಲವೇ ಉಪ್ಪು. ನಮ್ಮದು ಮಾತ್ರ ಸಿಹಿ. ಅದಕ್ಕೆ ಬೀದಿಯ ಕಡೆಯಿಂದ ಬೇರೆ ಬಾಗಿಲು ಇತ್ತು. ಹಗಲೆಲ್ಲ ಅದು ತೆರೆದೇ ಇರುತ್ತಿತ್ತು. ಯಾರು ಬೇಕಾದರೂ ಬಂದು ಸೇದಿಕೊಂಡು ಹೋಗಬಹುದು. ಆದರೆ ಅವರವರ ಹಗ್ಗ, ಅವರವರ ಬಿಂದಿಗೆ. ಒಬ್ಬರ ಹಗ್ಗ ಇನ್ನೊಬ್ಬರ ಹಗ್ಗಕ್ಕೆ ತಗಲಬಾರದು. ಪಕ್ಕದ ಮನೆಯ ಖೈರುನ್ನಿಸಾ ಬಂದರೆ ಎದುರು ಮನೆಯ ರುಕ್ಕಮ್ಮನವರು ತಮ್ಮ ಹಗ್ಗ ಸುತ್ತಿಕೊಂಡು ಎರಡು ಹೆಜ್ಜೆ ಹಿಂದೆ ನಿಲ್ಲುವರು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಎಲ್ಲರೂ ನಗುನಗುತ್ತಲೇ ದೂರ ನಿಲ್ಲುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಆ ಬೇಸಿಗೆಯಲ್ಲಿ ನೀರು ತಳ ಕಂಡಿತ್ತು. ಬೇರೆ ಬೀದಿಗಳಿಂದಲೂ ಜನ ಬರತೊಡಗಿದ್ದರು. ಬೀದಿಯ ಕೆಸರಿನಲ್ಲಿ ಇಟ್ಟ ಬಿಂದಿಗೆಗಳು ಹಾಗೆಯೇ ಬಾವಿಗೆ ಇಳಿಯುತ್ತಿದ್ದವು. ನಮ್ಮ ರೇಡಿಯೋದಲ್ಲಿ ದೂರದ ದೇಶಗಳ ಹೆಸರಿನ ಜೊತೆ ಕಾಲರಾ ಎನ್ನುವ ಹೆಸರನ್ನು ಕೇಳಿದ್ದೆ. ಕೇಳಿ, ಅಯ್ಯೋ ಪಾಪ ಎಂದುಕೊಂಡು, ಬೇಳೆ ಆರಿಸುವುದನ್ನು ಮುಂದುವರಿಸಿದ್ದೆ. ಅಷ್ಟು ದೂರದ ಕಾಯಿಲೆ ನಮ್ಮ ಅಡುಗೆಮನೆಯ ಹೊಸಿಲು ದಾಟಬಹುದೆಂದು ಯಾರಿಗೆ ತೋಚುತ್ತದೆ?

ಒಂದು ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಹಾಗೆಯೇ ಗೋಡೆ ಹಿಡಿದುಕೊಂಡು ಕುಳಿತೆ. ಆಮೇಲೆ ಹಿತ್ತಿಲಿಗೂ ನಡುಮನೆಗೂ ಓಡಾಡಿದ್ದಷ್ಟೇ ನೆನಪು. ಸ್ವಲ್ಪ ಹೊತ್ತಿಗೆ ಓಡಾಡುವ ಶಕ್ತಿಯೂ ಹೋಯಿತು. ಕಾಲಿನ ಮಾಂಸಖಂಡಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡವು. ನನ್ನ ಬೆರಳ ತುದಿಗಳು ಬಹಳ ಹೊತ್ತು ಬಟ್ಟೆ ಒಗೆದವಳ ಬೆರಳಿನಂತೆ ನಿರಿಗೆಗಟ್ಟಿದ್ದವು. ಅದನ್ನೇ ನೋಡುತ್ತಾ ಮಲಗಿದ್ದೆ.

"ನೀರು," ಎಂದೆ.

"ಕೊಡಬಾರದು ಕಣೇ. ವಾಂತಿ ನಿಲ್ಲೋವರೆಗೂ ಒಂದು ತೊಟ್ಟೂ ಕೊಡಬಾರದು," ಎಂದು ಅತ್ತೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿದರು. ಅವರ ಕಣ್ಣಲ್ಲಿ ನೀರಿತ್ತು. ಬೀದಿಗೆಲ್ಲ ನೀರು ಕೊಟ್ಟ ಹೆಂಗಸು ಸೊಸೆಯೊಬ್ಬಳಿಗೆ ಕೊಡದೆ ಕುಳಿತಿದ್ದರು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಆಗ ಹಾಗೆಯೇ ನಂಬುತ್ತಿದ್ದರು. ಪ್ರೀತಿಯಿಂದಲೇ ನೀರು ತಪ್ಪಿಸುತ್ತಿದ್ದರು.

ಅದೇ ಹೊತ್ತಿಗೆ ಖೈರುನ್ನಿಸಾಳ ಅತ್ತೆಗೂ ವಾಂತಿಭೇದಿ ಹತ್ತಿತ್ತು. ಬೀದಿಯೆಲ್ಲ ದಾದಿಮಾ ಎಂದು ಕರೆಯುತ್ತಿದ್ದ ಹಣ್ಣು ಮುದುಕಿ. ಖೈರುನ್ನಿಸಾಳ ಗಂಡ ಪ್ಯಾರೇಜಾನ್ ಸಾಬರು ಮನೆಯಲ್ಲೇ ಚರಕ ಇಟ್ಟುಕೊಂಡು ಗೂಡಿನಿಂದ ರೇಷ್ಮೆ ನೂಲು ತೆಗೆಯುತ್ತಿದ್ದರು. ಅವರು ತಾಯಿಗಾಗಿ ಜಟಕಾ ತಂದು ನಿಲ್ಲಿಸಿದ್ದರು. ಖೈರುನ್ನಿಸಾ ನಮ್ಮ ಬಾಗಿಲಲ್ಲಿ ನಿಂತು ಕೂಗಿದಳು:

"ಅಮ್ಮಾ, ವಿಮಲಕ್ಕನ್ನೂ ಇದ್ರಲ್ಲೇ ಹತ್ಸಿ! ಇನ್ನೊಂದು ಗಾಡಿ ಹುಡುಕೋಕೆ ಹೋಗ್ಬೇಡಿ!"

ನಮ್ಮ ಯಜಮಾನರು ಸ್ಕೂಲಿನಿಂದ ಇನ್ನೂ ಬಂದಿರಲಿಲ್ಲ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು, ಒಂದು ಕ್ಷಣ ಗಾಡಿ ನೋಡಿದರು. ಆಮೇಲೆ ತಾವೇ ನನ್ನ ತೋಳ ಕೆಳಗೆ ಕೈ ಹಾಕಿ ಎಬ್ಬಿಸಿದರು.

ಆಸ್ಪತ್ರೆಯ ವರಾಂಡ ತುಂಬಿತ್ತು. ಚಾಪೆಗಳ ಮೇಲೆ, ಗೋಣಿತಾಟುಗಳ ಮೇಲೆ ಜನ. ನಾನೂ ದಾದಿಮಾನೂ ಒಂದೇ ಚಾಪೆಯ ಮೇಲೆ ಕಾದೆವು. ಎಷ್ಟು ಹೊತ್ತೋ ತಿಳಿಯದು. ಡಾಕ್ಟರಮ್ಮನ ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಪಿನ್ನು ಚುಚ್ಚಿದ್ದರು. ಆ ಪಿನ್ನು ನನ್ನ ಕಣ್ಣಿನ ಮಟ್ಟದಲ್ಲಿ ಹೋಗುತ್ತಾ ಬರುತ್ತಾ ಇತ್ತು. ಅದು ನಿಂತಾಗ ನಮ್ಮ ಸರದಿ ಬಂದಿದೆ ಎಂದು ಗೊತ್ತಾಯಿತು.

"ಮನೇಲಿ ಏನು ಕುಡಿಸಿದಿರಿ?"

"ಏನೂ ಕುಡಿಸಿಲ್ಲ ತಾಯೀ, ಜೋಪಾನವಾಗಿ ನೋಡ್ಕೊಂಡ್ವಿ," ಎಂದರು ಅತ್ತೆ.

"ಒಣಗಿಸಿಬಿಟ್ಟಿದೀರಲ್ಲಮ್ಮಾ! ಕುಡಿಸಿ. ಕಕ್ಕಿದರೆ ಮತ್ತೆ ಕುಡಿಸಿ. ಕಕ್ಕಲಿ, ಮತ್ತೆ ಕುಡಿಸಿ."

ತೋಳಿಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದರು. ಉಪ್ಪು ಸಕ್ಕರೆ ಬೆರೆಸಿದ ಕಾಯಿಸಿದ ನೀರನ್ನು ಒಂದು ಕೆಟಲಿನಲ್ಲಿ ಇಟ್ಟು ಹೋದರು.

ಇನ್ನು ನಮ್ಮನ್ನು ಮಲಗಿಸಿದ ಮಂಚದ ವಿಷಯ. ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಅಂಥದೇ ಮಂಚದ ಮೇಲೆ ಮಲಗಿ ಬಂದವರು ಎಷ್ಟೋ ಜನ ಇರುತ್ತಾರೆ, ನಾಚಿಕೆಯಿಂದ ಯಾರಿಗೂ ಹೇಳಿರುವುದಿಲ್ಲ; ಅವರಿಗಾಗಿ ಬರೆಯುತ್ತೇನೆ. ಅದರ ನಡುವೆ ಒಂದು ತೂತು. ಕೆಳಗೆ ಒಂದು ಬಕೆಟ್ಟು. ರೋಗಿ ಏಳುವ ಹಾಗಿಲ್ಲ, ಸೀರೆ ಉಡುವ ಹಾಗಿಲ್ಲ. ಲಂಗದ ಅಂಚು ಮೊಣಕಾಲು ಮುಚ್ಚಿದೆಯೇ ಎಂದು ದಿನವೂ ನೋಡುತ್ತಿದ್ದ ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು. ಗಂಡಸರು ಓಡಾಡುವ ವರಾಂಡಕ್ಕೆ ಎದುರಾಗಿ ಹಾಗೆ ಮಲಗಬೇಕಾಯಿತು. ಸಾಯುವ ಭಯಕ್ಕಿಂತ ಆ ನಾಚಿಕೆಯೇ ಹೆಚ್ಚಾಗಿತ್ತು. ಕಣ್ಣು ಮುಚ್ಚಿಕೊಂಡು, ಬೇಗ ಸತ್ತರೆ ಸಾಕು ಎಂದುಕೊಂಡೆ.

ಕಣ್ಣು ತೆಗೆದಾಗ ಎದುರಿಗೆ ಕಪ್ಪು ಗೋಡೆ. ಖೈರುನ್ನಿಸಾ ತನ್ನ ಬುರ್ಖಾ ತೆಗೆದು, ಒಂದು ತುದಿಯನ್ನು ಕಿಟಕಿಯ ಸರಳಿಗೆ, ಇನ್ನೊಂದು ತುದಿಯನ್ನು ಬಾಟಲಿಯ ಕಂಬಕ್ಕೆ ಕಟ್ಟಿದ್ದಳು. ಮನೆಯ ಹೊರಗೆ ಯಾವತ್ತೂ ಮುಖ ತೋರದವಳು ತಲೆಗೆ ಸೀರೆಯ ಸೆರಗಷ್ಟೇ ಹೊದ್ದು, ನನ್ನ ಮಂಚಕ್ಕೂ ದಾದಿಮಾಳ ಮಂಚಕ್ಕೂ ನಡುವೆ ಕುಳಿತಿದ್ದಳು.

"ಬುರ್ಖಾ ಇಲ್ಲದೆ ನೀನು ಹೇಗೆ ಕೂತಿದೀಯೇ?" ಎಂದೆ.

"ನಂಗೇನು ಅಕ್ಕಾ, ನಾನು ಎದ್ದು ಓಡಾಡ್ತಾ ಇದೀನಿ. ನೀವು ಕುಡೀರಿ. ಇನ್ನೊಂದ್ ಗುಟುಕು. ಹಾಂ, ಬಸ್."

ಇದ್ದದ್ದು ಒಂದೇ ಲೋಟ. ಒಂದು ಗುಟುಕು ನನಗೆ, ಒಂದು ಗುಟುಕು ದಾದಿಮಾಗೆ, ನಡುವೆ ಕಾಯಿಸಿದ ನೀರಿನಿಂದ ತೊಳೆಯುವಳು. ಮರುದಿನ ಅತ್ತೆ ಬಂದಾಗಲೂ ಅವಳು ಹಾಗೆಯೇ ಕುಡಿಸುತ್ತಿದ್ದಳು. ಅತ್ತೆ ಪರದೆಯ ಪಕ್ಕದಲ್ಲಿ ನಿಂತು ಆ ಲೋಟ ನನ್ನ ತುಟಿಗೆ ತಾಗಿದ್ದನ್ನು ನೋಡಿದರು. ನಾನೂ ಅವರನ್ನು ನೋಡಿದೆ. ಅತ್ತೆ ತಾವು ತಂದಿದ್ದ ಕಾಯಿಸಿದ ನೀರನ್ನು ಕೆಟಲಿಗೆ ಸುರಿದು, "ಇಬ್ರಿಗೂ ಸಾಕಾಗುತ್ತಾ?" ಎಂದಷ್ಟೇ ಕೇಳಿದರು.

ನನಗೆ ಚೇತರಿಕೆ ಕಂಡಿತು. ದಾದಿಮಾಗೆ ಕಾಣಲಿಲ್ಲ. ಅವರು ತೀರಿಕೊಂಡ ಸಂಜೆ ಪ್ಯಾರೇಜಾನ್ ಸಾಬರು ಗಾಡಿ ತಂದರು. ಖೈರುನ್ನಿಸಾ ತನ್ನ ಅತ್ತೆಯ ಜೊತೆ ಹೊರಟಳು. ಹೊರಡುವ ಮುಂಚೆ ನಾನು ಬುರ್ಖಾದ ಕಡೆ ಕೈ ತೋರಿಸಿದೆ. "ಇರ್ಲಿ ಅಕ್ಕಾ, ನಿಮ್ದು ಇನ್ನೂ ಮುಗಿದಿಲ್ವಲ್ಲ," ಎಂದಳು. ಹಾಸಿಗೆಯ ಹೊದಿಕೆಯೊಂದನ್ನು ಮೈಗೆ ಸುತ್ತಿಕೊಂಡು, ತನ್ನ ಮನೆಯ ಸಾವಿನ ಗಾಡಿಯಲ್ಲಿ ಹೋದಳು. ಪರದೆ ನನ್ನ ಮಂಚಕ್ಕೇ ಉಳಿಯಿತು.

ನಾನು ಮನೆಗೆ ಬಂದ ಮೇಲೆ ಅತ್ತೆ ಆ ಬುರ್ಖಾವನ್ನು ಹಿತ್ತಿಲಿನ ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಅದ್ದಿ, ತಾವೇ ಒಗೆದು, ಮನೆಯ ಎಲ್ಲರ ಬಟ್ಟೆ ಒಣಗುವ ತಂತಿಯ ಮೇಲೆಯೇ ಹರವಿದರು. ಮಡಿಸಿ ಎತ್ತಿಕೊಂಡು ಪಕ್ಕದ ಮನೆಗೆ ಹೋದರು. ಅಷ್ಟು ವರ್ಷ ಗೋಡೆಯ ಮೇಲಿನಿಂದ ಮಾತಾಡಿದವರು ಆ ಮನೆಯ ಒಳಗೆ ಕಾಲಿಟ್ಟಿದ್ದು ಅದೇ ಮೊದಲು.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಹೆಲ್ತ್ ಇನ್‌ಸ್ಪೆಕ್ಟರು ಬಂದಾಗ ಮಾತ್ರ ದೊಡ್ಡ ಜಗಳವೇ ಆಯಿತು.

"ನಮ್ಮ ಬಾವಿ ನೀರಿಗೆ ದೋಷವೇ? ಮೂರು ತಲೆಮಾರು ಕುಡಿದಿದೀವಿ!" ಎಂದರು ಅತ್ತೆ.

"ನಿಮ್ಮ ಬಾವಿದು ತಪ್ಪಲ್ಲಮ್ಮ. ಈ ಕಾಯಿಲೆ ಸಮುದ್ರ ದಾಟಿ, ದೇಶ ದೇಶ ಸುತ್ತಿಕೊಂಡು ಬಂದಿರೋದು."

"ದೇಶ ದೇಶ ಸುತ್ತಿ, ಎಲ್ಲೂ ಜಾಗ ಸಿಗದೆ ನಮ್ಮ ಬಾವಿಗೆ ಬಂತಾ?"

ನಮ್ಮ ಯಜಮಾನರು ನಕ್ಕುಬಿಟ್ಟರು. ಇನ್‌ಸ್ಪೆಕ್ಟರು ನಗಲಿಲ್ಲ. ನೆಲಕ್ಕೆ ತಾಗಿದ ಬಿಂದಿಗೆ ಇನ್ನು ಮೇಲೆ ಬಾವಿಗೆ ಇಳಿಯಬಾರದು. ಒಂದೇ ಹಗ್ಗ, ಒಂದೇ ಬಕೆಟ್ಟು, ಅದು ಯಾವಾಗಲೂ ರಾಟೆಯ ಮೇಲೆಯೇ ತೂಗುತ್ತಿರಬೇಕು. ಸೇದಿ ಅವರವರ ಬಿಂದಿಗೆಗೆ ಸುರಿದುಕೊಳ್ಳಬೇಕು. ಹಾಗೆ ಮಾಡಿದರೆ ತೆರೆಯಿರಿ, ಇಲ್ಲದಿದ್ದರೆ ಬೀಗ ಇರಲಿ ಎಂದು ಹೇಳಿ ಹೋದರು.

ಒಂದೇ ಹಗ್ಗ ಎಂದರೆ ಎಲ್ಲರೂ ಮುಟ್ಟುವ ಹಗ್ಗ. ಬೀದಿಯಲ್ಲಿ ಆ ಮಾತು ಹರಡಿತು. ರುಕ್ಕಮ್ಮನವರು ನಮ್ಮ ಜಗಲಿಗೆ ಬಂದು ಕುಳಿತು, "ನಿಮ್ಮ ಸೊಸೆ ಕಾನ್ವೆಂಟಲ್ಲಿ ಓದಿದೋಳು, ಅವಳಿಗೆ ಯಾರ ಹಗ್ಗ ಆದ್ರೂ ನಡೆಯುತ್ತೆ. ನಮಗೆ ಹಂಗಾಗುತ್ತಾ? ನಾನು ಕೆರೆಯಿಂದಲೇ ತರಿಸ್ಕೊತೀನಿ," ಎಂದರು. ಒಳಗೆ ಮಲಗಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು. ಅತ್ತೆಗೂ ಆ ಹಗ್ಗ ಒಪ್ಪಿತವಲ್ಲ ಎಂದು ನನಗೆ ಗೊತ್ತಿತ್ತು. ಸುಮಾರು ದಿನ ಅವರು ಬೀಗ ಹಾಕಿದ ಬಾಗಿಲ ಮುಂದೆ ಸುಮ್ಮನೆ ನಿಂತು ಬರುತ್ತಿದ್ದರು. ಊರಾಚೆಯ ತೋಟದ ಪಂಪ್‌ಸೆಟ್ಟಿನಿಂದ ನಮ್ಮ ಯಜಮಾನರು ಸೈಕಲ್ಲಿನಲ್ಲಿ ನೀರು ತರುತ್ತಿದ್ದರು. ಎಲ್ಲರ ಮನೆಯಲ್ಲೂ ಸೈಕಲ್ಲಿರಲಿಲ್ಲ.

ಒಂದು ಬೆಳಗ್ಗೆ ಪೂಜೆ ಮುಗಿಸಿ ಎದ್ದವರು, ಉಟ್ಟ ಮಡಿಸೀರೆಯ ಸೆರಗನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

"ವಿಮಲಾ, ತಾಮ್ರ ಹುಣಸೆಹಣ್ಣು ಹಚ್ಚಿ ತೊಳೆದರೆ ಶುದ್ಧ. ಹೌದೋ ಅಲ್ವೋ?"

"ಹೌದತ್ತೆ."

"ಹಂಗಾದ್ರೆ ಬಕೆಟ್ಟಿಂದು ತೊಂದರೆ ಇಲ್ಲ. ತೊಂದರೆ ಹಗ್ಗದ್ದು. ನಾರು, ಹತ್ತಿ ನೂಲು ಮೈಲಿಗೆ ಹಿಡ್ಕೊಳ್ಳುತ್ತೆ. ರೇಷ್ಮೆ ಹಿಡ್ಕೊಳ್ಳುತ್ತಾ?"

"ಇಲ್ಲತ್ತೆ. ಅದಕ್ಕೇ ತಾನೇ ನೀವು ಮಡಿಗೆ ರೇಷ್ಮೆ ಉಡೋದು."

"ಅಷ್ಟೇ," ಎಂದರು. ಅವರ ಮುಖದಲ್ಲಿ ಕಂಡ ಸಂತೋಷವನ್ನು ಹೇಗೆ ಬರೆಯಲಿ! ಚಪ್ಪಲಿಯನ್ನೂ ಮೆಟ್ಟದೆ ನೇರವಾಗಿ ಪ್ಯಾರೇಜಾನ್ ಸಾಬರ ಚರಕದ ಮುಂದೆ ಹೋಗಿ ನಿಂತರು. ಒಳ್ಳೆಯ ನೂಲು ತೆಗೆದ ಮೇಲೆ ಉಳಿಯುವ ಒರಟು ರೇಷ್ಮೆಯಿಂದ ಬಾವಿಗೆ ಹಗ್ಗ ಹೊಸೆದುಕೊಡಬೇಕೆಂದು ಕೇಳಿದರು. ಸಾಬರು ಮೊದಲು ತಮಾಷೆ ಎಂದುಕೊಂಡರಂತೆ. "ಅಮ್ಮಾ, ಬಾವಿಗೇನು ಮದುವೆಯಾ?" ಎಂದರಂತೆ.

ಆಮೇಲೆ ಗಂಡ ಹೆಂಡತಿ ಇಬ್ಬರೂ ಕುಳಿತು ಹೊಸೆದರು. ಎಳೆ ಎಳೆಯಾಗಿ ಸೇರಿಸಿ, ಹುರಿ ಹಾಕಿ, ಮೂರು ಹುರಿಗಳನ್ನು ಹೆಣೆದು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಬಿಗಿ ನೋಡಿದರು. ಹೆಬ್ಬೆರಳು ದಪ್ಪದ ಹಗ್ಗ. ಬಣ್ಣ ಹಾಕದ ರೇಷ್ಮೆ, ಮಾಸಲು ಹಳದಿ. ನಾನು ಜಗಲಿಯಿಂದ ಅದನ್ನೇ ನೋಡುತ್ತಾ ದಿನ ಕಳೆದೆ. ದಾದಿಮಾ ಇದ್ದಿದ್ದರೆ ಅವರೂ ಒಂದು ತುದಿ ಹಿಡಿದು ಕೂರುತ್ತಿದ್ದರು ಎಂದು ಖೈರುನ್ನಿಸಾ ಹೇಳಿದಳು. ಹೇಳಿ, ಹೊಸೆಯುವುದನ್ನು ನಿಲ್ಲಿಸಲಿಲ್ಲ.

ಹೀಗೆ ಬಂದದ್ದು ಆ ದಿನ. ಗಂಜಿ ಮುಗಿಸಿ ಲೋಟ ಇಟ್ಟಾಗ ಅತ್ತೆ ಬೀಗದ ಕೈ ಹಿಡಿದು ನಿಂತಿದ್ದರು. ಅಟ್ಟದ ಮೇಲಿದ್ದ, ಮದುವೆ ಮುಂಜಿಗಳಿಗೆ ಮಾತ್ರ ಇಳಿಯುತ್ತಿದ್ದ ದೊಡ್ಡ ತಾಮ್ರದ ಬಕೆಟ್ಟನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಕನ್ನಡಿ ಮಾಡಿದ್ದರು. ಪ್ಯಾರೇಜಾನ್ ಸಾಬರು ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿದರು. ಅತ್ತೆ ಅರಿಶಿನ ಕುಂಕುಮ ಇಟ್ಟು, ಮೊದಲ ಬಕೆಟ್ಟು ತಾವು ಸೇದಿದರು. ಎರಡನೆಯದನ್ನು ಖೈರುನ್ನಿಸಾಳ ಕೈಗೆ ಕೊಟ್ಟರು. ಅವಳು ಒಮ್ಮೆ ಎಲ್ಲರ ಮುಖ ನೋಡಿ, ಹಗ್ಗ ಹಿಡಿದಳು.

ಬಾಗಿಲ ಹೊರಗೆ ನಿಂತಿದ್ದ ಹೆಂಗಸರು ಒಳಗೆ ಬರಲಿಲ್ಲ. ರುಕ್ಕಮ್ಮನವರು ಮುಂದೆ ನಿಂತಿದ್ದರು.

"ರೇಷ್ಮೆ ಏನೋ ಸರಿ. ಹೊಸೆದ ಕೈ ಯಾರದು ಅಂತ ನೋಡಬೇಡವಾ?"

ಖೈರುನ್ನಿಸಾಳ ಕೈಯಲ್ಲಿ ಹಗ್ಗ ನಿಂತಿತು. ಅತ್ತೆ ಬಕೆಟ್ಟಿನ ಕಡೆಗೇ ನೋಡುತ್ತಾ ಸಾವಕಾಶವಾಗಿ ಹೇಳಿದರು:

"ರುಕ್ಕೂ, ನೀನು ದಿನಾ ಮಡಿಗೆ ಉಡೋ ಸೀರೆಯ ನೂಲು ಗೂಡಿಂದ ತೆಗೆದ ಕೈ ಯಾರದು ಅಂದ್ಕೊಂಡಿದೀಯೇ? ಇಷ್ಟು ವರ್ಷ ಅದನ್ನೇ ಉಟ್ಕೊಂಡು ದೇವರಿಗೆ ನೈವೇದ್ಯ ಮಾಡಿದೀವಲ್ಲ, ದೇವರು ಬೇಡ ಅಂದನಾ?"

ರುಕ್ಕಮ್ಮನವರು ತಮ್ಮ ಬಿಂದಿಗೆ ಎತ್ತಿಕೊಂಡು ಮನೆಗೆ ಹೋದರು. ಅವರ ಹಿಂದೆ ಕೆಲವರು ಹೋದರು. ಆದರೆ ಎಲ್ಲರೂ ಹೋಗಲಿಲ್ಲ. ಮೂಲೆ ಮನೆಯ ಬಾಣಂತಿಯ ತಾಯಿ ಮುಂದೆ ಬಂದು, "ನಮ್ಮ ಮಗೂಗೆ ಒಳ್ಳೆ ನೀರು ಬೇಕು, ನನಗೆ ಬೇರೇದು ಗೊತ್ತಿಲ್ಲ," ಎಂದು ಹಗ್ಗಕ್ಕೆ ಕೈ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ರಾಟೆಯ ಕಿರುಗುಟ್ಟುವಿಕೆ ನಿಲ್ಲದಂತಾಗಿತ್ತು. ಎದುರು ಮನೆಯ ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಇದನ್ನೆಲ್ಲ ಈಗ ಬರೆಯುವಾಗ ಎಂಬತ್ತರ ದಶಕ ಅರ್ಧ ದಾಟಿದೆ. ನಮ್ಮ ಬೀದಿಗೆ ನಲ್ಲಿ ಬಂದಿದೆ. ಕಾಲರಾ ಬಂದ ಮನೆಗಳಲ್ಲಿ ಈಗ ಯಾರೂ ನೀರು ತಪ್ಪಿಸುವುದಿಲ್ಲ. ಉಪ್ಪು ಸಕ್ಕರೆ ಬೆರೆಸಿ ಕುಡಿಸುತ್ತಾರೆ. ಭೂಮಿಯನ್ನೇ ಸುತ್ತಿ ಬಂದ ಕಾಯಿಲೆ ನಮ್ಮಿಂದ ದಾದಿಮಾಳನ್ನು ಕಿತ್ತುಕೊಂಡಿತು. ಅದನ್ನು ಒಳ್ಳೆಯದಾಯಿತು ಎಂದು ನಾನು ಎಂದೂ ಹೇಳಲಾರೆ. ಆದರೆ ಅಂಥ ಇನ್ನೊಂದು ಕಾಯಿಲೆ ನಮ್ಮ ಮಕ್ಕಳ ಕಾಲಕ್ಕೂ ಬರಬಹುದು. ಬಂದಾಗ ಔಷಧಿಯನ್ನು ಡಾಕ್ಟರುಗಳು ಕೊಡುತ್ತಾರೆ. ಹಗ್ಗವನ್ನು ಮಾತ್ರ ನಾವು ನಾವೇ ಹೊಸೆದುಕೊಳ್ಳಬೇಕು. ನಮ್ಮತ್ತೆ ಮಡಿಯನ್ನು ಬಿಟ್ಟವರಲ್ಲ, ಕೊನೆಯವರೆಗೂ ಬಿಡಲಿಲ್ಲ. ಮಡಿಯ ಒಳಗಿನಿಂದಲೇ ಒಂದು ಬಾಗಿಲು ಹುಡುಕಿ ಬೀದಿಯನ್ನೆಲ್ಲ ಒಳಗೆ ಕರೆದರು. ಅಂಥವರ ಸೊಸೆ ನಾನು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ.

ಬಾವಿ ತೆರೆದ ಆ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಬಾವಿಕಟ್ಟೆಯ ಹತ್ತಿರ ಬೆತ್ತದ ಮೋಡಾದ ಮೇಲೆ ಕುಳಿತಿದ್ದೆ. ಖೈರುನ್ನಿಸಾ ಕೊನೆಯ ಬಿಂದಿಗೆ ತುಂಬಿಸಿಕೊಳ್ಳುತ್ತಿದ್ದಳು. ಬೀದಿಯ ಬಾಗಿಲಲ್ಲಿ ರುಕ್ಕಮ್ಮನವರು ಕಾಣಿಸಿಕೊಂಡರು. ಕಂಕುಳಲ್ಲಿ ಬಿಂದಿಗೆ ಇತ್ತು. ತಮ್ಮ ಹಗ್ಗ ತಂದಿರಲಿಲ್ಲ. ಅತ್ತೆ ಅಡುಗೆಮನೆಯ ಕಿಟಕಿಯಿಂದ ನೋಡಿದರು, ಹೊರಗೆ ಬರಲಿಲ್ಲ. ನಾನೂ ಎಲ್ಲೋ ನೋಡುವವಳ ಹಾಗೆ ಕುಳಿತೆ.

ರುಕ್ಕಮ್ಮನವರು ಬಿಂದಿಗೆ ಕಟ್ಟೆಯ ಮೇಲಿಟ್ಟರು. ಹಗ್ಗವನ್ನು ಎರಡು ಬೆರಳಿನಿಂದ ಮುಟ್ಟಿ, ಸೀರೆ ಅಂಗಡಿಯಲ್ಲಿ ಸೆರಗು ನೋಡುವಂತೆ ತಿರುವಿ ನೋಡಿದರು. ಬಕೆಟ್ಟು ಇಳಿಸಿದರು. ಅದು ಮುಳುಗಿದ ಸದ್ದು ಕೇಳಿತು. ಎಳೆದರು, ಅರ್ಧಕ್ಕೆ ಬಂದು ನಿಂತಿತು. ಇನ್ನೊಮ್ಮೆ ಜಗ್ಗಿದರು. ಅಷ್ಟರಲ್ಲಿ ಖೈರುನ್ನಿಸಾ ತನ್ನ ಬಿಂದಿಗೆ ಬಿಟ್ಟು ಬಂದು, ಅವರ ಕೈಗಳ ಮೇಲೆಯೇ ಕೈಯಿಟ್ಟು ಹಗ್ಗ ಹಿಡಿದಳು. ಇಬ್ಬರೂ ಸೇರಿ ಎಳೆದರು. ಬಕೆಟ್ಟು ಮೇಲೆ ಬಂತು. ರುಕ್ಕಮ್ಮನವರು ನೀರು ಸುರಿದುಕೊಂಡು, ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಟ್ಟರು.

"ಅಮ್ಮೋ, ಎಂಥ ಭಾರ! ಇದು ಒಬ್ಬರ ಕೈಲಾಗೋ ಬಕೆಟ್ಟಲ್ಲ ಕಣೇ ಖೈರೂ, ನಾಳೆ ಬರೋವಾಗ ನನ್ನೂ ಒಂದು ಕೂಗು ಹಾಕು."